ಸೂರ್ಯಕಾಂತಿಯ ಬೆಲೆ

ದಾದರದ ಹೂವಿನ ಪೇಟೆಗೆ ನಸುಕಿನಲ್ಲಿ ಹೋಗಿ ಬಂದವರಿಗೆಲ್ಲ ಒಂದು ಸಂಗತಿ ಗೊತ್ತು. ಹೂವಿನ ಬೆಲೆ ಗಡಿಯಾರದ ಮುಳ್ಳನ್ನು ನೋಡಿಕೊಂಡು ಇಳಿಯುತ್ತದೆ. ಬೆಳಿಗ್ಗೆ ಯಾವ ಚೌಕಾಶಿಗೂ ಬಗ್ಗದ ಹೂವಾಡಿಗನು ಮಧ್ಯಾಹ್ನ ದಾಟಿತೆಂದರೆ ತಾನೇ ಕೂಗಿ ಕರೆದು ಕೊಡುತ್ತಾನೆ. ಚೆನ್ನೈಯ ಕೋಯಂಬೇಡಿನಲ್ಲಿಯೂ ಹೈದರಾಬಾದಿನ ಗುಡಿಮಲ್ಕಾಪುರದಲ್ಲಿಯೂ ಇದೇ ಕಟ್ಟಳೆ. ಬಾಡುವ ವಸ್ತುವಿಗೆ ಬೇರೆ ಕಟ್ಟಳೆ ಇರುವುದಾದರೂ ಹೇಗೆ?

ಆದರೆ 1888ರ ಆಗಸ್ಟ್ ತಿಂಗಳಲ್ಲಿ, ಫ್ರಾನ್ಸಿನ ದಕ್ಷಿಣಕ್ಕಿರುವ ಆರ್ಲ್ ಎಂಬ ಊರಿನಲ್ಲಿ, ಬಡ ಚಿತ್ರಕಾರನೊಬ್ಬನು ಮಣ್ಣಿನ ಹೂಜಿಯಲ್ಲಿ ನಿಲ್ಲಿಸಿ ಬರೆದ ಕೆಲವು ಸೂರ್ಯಕಾಂತಿ ಹೂಗಳು ಈ ಕಟ್ಟಳೆಯನ್ನು ತಲೆಕೆಳಗು ಮಾಡಿವೆ. ಬರೆದವನ ಕಾಲಕ್ಕೆ ಕೊಳ್ಳುವವರಿಲ್ಲದಿದ್ದ ಆ ಹೂಗಳಿಗೆ ನೂರು ವರ್ಷ ತುಂಬುವುದರೊಳಗೆ ಕೋಟಿಗಟ್ಟಲೆ ರೂಪಾಯಿನ ಬೆಲೆ ಬಂದಿತು. ಈ ಬೆಲೆಯನ್ನು ಏರಿಸಿದವರು ಯಾರು, ಯಾವ ಕೈಗಳು, ಎಂಬುದನ್ನು ವಿಚಾರಿಸುತ್ತ ಹೋದರೆ ಹೂವಿಗಿಂತ ಹೆಚ್ಚಾಗಿ ಮನುಷ್ಯರ ಕತೆಯೇ ತೆರೆದುಕೊಳ್ಳುತ್ತದೆ.

ಚಿತ್ರಕಾರನ ಹೆಸರು ವಿನ್ಸೆಂಟ್ ವ್ಯಾನ್ ಗೋ. ಡಚ್ಚರ ಬಾಯಲ್ಲಿ ಈ ಹೆಸರು ಗಂಟಲಿನಿಂದ ಕ್ಯಾಕರಿಸಿದಂತೆ ಹೊರಡುತ್ತದೆ. ನಮಗೆ ವ್ಯಾನ್ ಗೋ ಎಂದರೆ ಸಾಕು. ಅವನ ಸೂರ್ಯಕಾಂತಿಯನ್ನು ನೋಡದ ವಾಚಕರು ವಿರಳ. ಕ್ಯಾಲೆಂಡರಿನ ಮೇಲೆ, ಚಹದ ಕಪ್ಪಿನ ಮೇಲೆ, ಕೊಡೆಯ ಮೇಲೆ, ದಂತವೈದ್ಯರ ಕೋಣೆಯ ಗೋಡೆಯ ಮೇಲೆ ಎಲ್ಲಿಯಾದರೂ ಅದು ಕಣ್ಣಿಗೆ ಬಿದ್ದೇ ಇರುತ್ತದೆ. ನಮ್ಮ ಕಡೆಯವರಿಗೆ ಸೂರ್ಯಕಾಂತಿ ಎಂದೊಡನೆ ಎಣ್ಣೆಯ ಡಬ್ಬಿ ನೆನಪಾಗುವುದು ಸಹಜ. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ, ಇತ್ತ ಗುಂಡ್ಲುಪೇಟೆಯ ಸುತ್ತಿನಲ್ಲಿ, ರೈತನಿಗೆ ಅದೊಂದು ಬೆಳೆ. ಪೂಜೆಗೂ ಇಲ್ಲ, ಮುಡಿಗೂ ಇಲ್ಲ. ವ್ಯಾನ್ ಗೋವಿನ ಕಾಲದ ಯುರೋಪಿನಲ್ಲಿಯೂ ಅದಕ್ಕೆ ದೊಡ್ಡ ಮರ್ಯಾದೆಯೇನೂ ಇರಲಿಲ್ಲ. ಹಿತ್ತಿಲಿನ ಒರಟು ಹೂವು. ಬೇರೆ ಚಿತ್ರಕಾರರು ಬೇರೆ ಹೂಗಳನ್ನು ತಮ್ಮದಾಗಿಸಿಕೊಂಡಿದ್ದಾರೆ, ಸೂರ್ಯಕಾಂತಿ ಮಾತ್ರ ಒಂದು ಬಗೆಯಲ್ಲಿ ತನ್ನದು ಎಂದು ಅವನು ತಮ್ಮನಿಗೆ ಪತ್ರ ಬರೆದಿದ್ದಾನೆ.

ಆರ್ಲಿನಲ್ಲಿ ಅವನು ಹಳದಿ ಬಣ್ಣದ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದನು. ಪಾಲ್ ಗೋಗ್ಯಾನ್ ಎಂಬ ಮತ್ತೊಬ್ಬ ಚಿತ್ರಕಾರನು ಬಂದು ಜೊತೆಗಿರುವನೆಂಬ ಸಂಭ್ರಮ. ಮನೆಗೆ ನೆಂಟರು ಬರುವಾಗ ನಾವು ಗೋಡೆಗೆ ಸುಣ್ಣ ಹೊಡೆಸುವ ಹಾಗೆ ಅವನು ಗೆಳೆಯನಿಗಾಗಿ ಹೂವಿನ ಚಿತ್ರಗಳನ್ನು ಬರೆಯತೊಡಗಿದನು. ಹೂಗಳು ಬೇಗ ಬಾಡುವುದರಿಂದ ಸೂರ್ಯ ಹುಟ್ಟುವ ಹೊತ್ತಿಗೇ ಎದ್ದು ಕೂಡಬೇಕಾಗುತ್ತಿತ್ತು. ಆ ಆಗಸ್ಟಿನಲ್ಲಿ ನಾಲ್ಕು ಚಿತ್ರಗಳಾದವು. ಮೊದಲನೆಯದರಲ್ಲಿ ಮೂರೇ ಹೂವು, ಕೊನೆಯದರಲ್ಲಿ ಹದಿನೈದು. ಕೊನೆಯದರಲ್ಲಿ ಹೂವೂ ಹಳದಿ, ಹೂಜಿಯೂ ಹಳದಿ, ಮೇಜೂ ಹಳದಿ, ಹಿಂದಿನ ಗೋಡೆಯೂ ಹಳದಿ. ಗೋಗ್ಯಾನನು ಅಕ್ಟೋಬರಿನಲ್ಲಿ ಬಂದನು. ಡಿಸೆಂಬರಿನಲ್ಲಿ ಜಗಳವಾಗಿ ಹೊರಟು ಹೋದನು. ಆ ರಾತ್ರಿ ವಿನ್ಸೆಂಟನು ತನ್ನ ಕಿವಿಯನ್ನು ಕೊಯ್ದುಕೊಂಡ ಸಂಗತಿ ಎಲ್ಲರೂ ಬಲ್ಲದ್ದೇ, ಅದನ್ನಿಲ್ಲಿ ಬೆಳೆಸುವುದಿಲ್ಲ. ಜಗಳವಾಡಿ ಹೋದ ಮೇಲೆಯೂ ಗೋಗ್ಯಾನನು ಒಂದು ಸೂರ್ಯಕಾಂತಿ ತನಗೆ ಬೇಕೆಂದು ಕೇಳಿದನು. ಮೂಲವನ್ನು ಕೊಡಲು ವಿನ್ಸೆಂಟನಿಗೆ ಮನಸ್ಸು ಬರಲಿಲ್ಲ. ತನ್ನ ಕೈಯಿಂದಲೇ ಮತ್ತೆ ಬರೆದ ಮೂರು ಪ್ರತಿಗಳೂ ಇವೆ. ಹೀಗೆ ಹೂಜಿಯ ಸೂರ್ಯಕಾಂತಿಗಳು ಒಟ್ಟು ಏಳು.

ಆಗ ಅವುಗಳ ಬೆಲೆಯೇನು? ಇದಕ್ಕೆ ವಿನ್ಸೆಂಟನೇ ಉತ್ತರ ಕೊಟ್ಟಿದ್ದಾನೆ. ಸ್ಕಾಟ್ಲೆಂಡಿನವನೋ ಅಮೆರಿಕದವನೋ ಆದ ಯಾವನಾದರೊಬ್ಬ ಗಿರಾಕಿಗೆ ಈ ಸೂರ್ಯಕಾಂತಿ 500 ಫ್ರಾಂಕು ಬಾಳಬಹುದೆಂದು 1889ರ ಜನವರಿಯಲ್ಲಿ ಅವನು ತಮ್ಮ ಥಿಯೋನಿಗೆ ಬರೆದನು. ಅವನು ಬಲ್ಲ ಅಂಚೆಯ ನೌಕರ ರೂಲ್ಯಾನನಿಗೆ ತಿಂಗಳ ಸಂಬಳ 135 ಫ್ರಾಂಕು. ಅದರಲ್ಲಿಯೇ ಹೆಂಡತಿ ಮೂವರು ಮಕ್ಕಳ ಸಂಸಾರ. ಎಂದರೆ ವಿನ್ಸೆಂಟನು ಕೇಳಿದ್ದು ಒಬ್ಬ ಗೃಹಸ್ಥನ ನಾಲ್ಕು ತಿಂಗಳ ಸಂಬಳ. ದುರಾಸೆಯೇನಲ್ಲ. ಆದರೆ ಆ ಸ್ಕಾಟ್ಲೆಂಡಿನವನೂ ಬರಲಿಲ್ಲ, ಅಮೆರಿಕದವನೂ ಬರಲಿಲ್ಲ. ವಿನ್ಸೆಂಟನ ಊಟ, ಬಾಡಿಗೆ, ಬಣ್ಣ, ಬಟ್ಟೆ ಎಲ್ಲವೂ ಪ್ಯಾರಿಸಿನಲ್ಲಿ ಚಿತ್ರದಂಗಡಿಯೊಂದರಲ್ಲಿ ದುಡಿಯುತ್ತಿದ್ದ ಥಿಯೋ ತಿಂಗಳು ತಿಂಗಳಿಗೆ ಕಳಿಸುತ್ತಿದ್ದ ಹಣದಿಂದ ನಡೆಯಬೇಕು. ಊರು ಬಿಟ್ಟು ದುಡಿಯುವ ತಮ್ಮ, ಅವನ ಮನಿಯಾರ್ಡರಿನ ದಾರಿ ನೋಡುವ ಅಣ್ಣ! ನಮ್ಮಂತೆ ಪರಊರು ಸೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1890ರ ಜನವರಿಯಲ್ಲಿ ಬ್ರಸೆಲ್ಸಿನ ಪ್ರದರ್ಶನವೊಂದಕ್ಕೆ ಎರಡು ಸೂರ್ಯಕಾಂತಿಗಳು ಹೋದವು. ಅಲ್ಲಿ ಆಂರಿ ದ ಗ್ರೂ ಎಂಬ ಬೆಲ್ಜಿಯಮಿನ ಚಿತ್ರಕಾರನು, ಇಂಥ ನಗೆಪಾಟಲಿನ ಹೂಜಿಯಿರುವ ಕಡೆ ತನ್ನ ಚಿತ್ರವಿರಕೂಡದೆಂದು ಹಟ ಹಿಡಿದನು. ಭೋಜನದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆಯಿತು. ಕುಳ್ಳದೇಹದ ತುಲೂಸ್ ಲೊತ್ರೆಕನು ಎದ್ದು ನಿಂತು, ಅಲ್ಲಿಲ್ಲದವನನ್ನು ಹೀಗಳೆಯುವುದೆಂದರೇನು, ಬಾ ದ್ವಂದ್ವಯುದ್ಧಕ್ಕೆ, ಎಂದು ಕರೆದೇಬಿಟ್ಟನು! ಇವನು ಸತ್ತರೆ ಯುದ್ಧವನ್ನು ನಾನು ಮುಂದುವರಿಸುತ್ತೇನೆಂದು ಚಿತ್ರಕಾರ ಸಿನ್ಯಾಕನು ಸೇರಿಕೊಂಡನು. ಕಡೆಗೆ ದ ಗ್ರೂ ಕ್ಷಮೆ ಬೇಡಿ ಸಂಘವನ್ನೇ ಬಿಟ್ಟು ಹೋದನು. ಸಂಘಗಳ ವಾರ್ಷಿಕ ಸಭೆಗಳನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಆ ಪ್ರದರ್ಶನದಲ್ಲಿ ವಿನ್ಸೆಂಟನ ‘ಕೆಂಪು ದ್ರಾಕ್ಷಿತೋಟ’ ಎಂಬ ಚಿತ್ರ 400 ಫ್ರಾಂಕಿಗೆ ಹೋಯಿತು. ಕೊಂಡವಳು ಆನ್ನಾ ಬೋಕ್ ಎಂಬ ಚಿತ್ರಕಾರ್ತಿ. ಸೂರ್ಯಕಾಂತಿಗಳು ಹೋದ ಹಾಗೆಯೇ ಹಿಂದಿರುಗಿದವು.

ಅದೇ ವರ್ಷ ಜುಲೈ 29ರಂದು ಗುಂಡೇಟಿನ ಗಾಯದಿಂದ ವಿನ್ಸೆಂಟನು ತೀರಿಕೊಂಡನು. ಅವನಿಗೆ 37 ವರ್ಷ. ಆರು ತಿಂಗಳು ಕಳೆಯುವುದರೊಳಗೆ, 1891ರ ಜನವರಿಯಲ್ಲಿ, ಥಿಯೋನೂ ಹೋದನು. ಉಳಿದವಳು ಥಿಯೋನ ಹೆಂಡತಿ ಯೊಹಾನಾ. ಮನೆಯವರ ಬಾಯಲ್ಲಿ ಯೋ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ವಯಸ್ಸು 28. ತೊಡೆಯ ಮೇಲೆ ವರ್ಷ ತುಂಬುತ್ತಿದ್ದ ಗಂಡುಮಗು. ಅದಕ್ಕೂ ದೊಡ್ಡಪ್ಪನ ಹೆಸರೇ, ವಿನ್ಸೆಂಟ್. ಆಸ್ತಿಯೆಂದರೆ ಯಾರಿಗೂ ಬೇಡವಾದ ನೂರಾರು ಚಿತ್ರಗಳು ಮತ್ತು ಒಂದು ಕಪಾಟಿನ ತುಂಬ ಭಾವನ ಪತ್ರಗಳು.

ಸೂರ್ಯಕಾಂತಿಯ ಬೆಲೆಯ ಕತೆಯಲ್ಲಿ ನನ್ನ ಮಟ್ಟಿಗೆ ಮುಖ್ಯ ಪಾತ್ರವೆಂದರೆ ಈ ಹೆಂಗಸೇ. ಯೋ ಹಾಲೆಂಡಿಗೆ ಹಿಂದಿರುಗಿ ಬುಸ್ಸುಮ್ ಎಂಬ ಊರಿನಲ್ಲಿ ಮನೆ ಹಿಡಿದು, ಊಟ ವಸತಿ ಕೊಡುವ ಖಾನಾವಳಿಯಂಥದೊಂದನ್ನು ನಡೆಸಿದಳು. ಬಿಡುವಿನಲ್ಲಿ ಭಾಷಾಂತರ ಮಾಡಿ ನಾಲ್ಕು ಕಾಸು ಗಳಿಸಿದಳು. ಭಾವನ ಚಿತ್ರಗಳನ್ನು ಅಟ್ಟಕ್ಕೆ ಏರಿಸದೆ ಮನೆಯ ಗೋಡೆಗಳಿಗೆ ತೂಗುಹಾಕಿದಳು. ಎಲ್ಲವನ್ನೂ ಒಮ್ಮೆಗೇ ಗುತ್ತಿಗೆ ಹಿಡಿದವರ ಹಾಗೆ ಮಾರಿಬಿಟ್ಟಿದ್ದರೆ ಒಂದೆರಡು ವರ್ಷ ಸುಖವಾಗಿ ಇರಬಹುದಾಗಿತ್ತು. ಆಕೆ ಹಾಗೆ ಮಾಡಲಿಲ್ಲ. ಒಂದೊಂದಾಗಿ, ತಕ್ಕ ಮನೆಗೆ, ತಕ್ಕ ಸಮಯಕ್ಕೆ ಮಾರಿದಳು. ಪ್ರದರ್ಶನಗಳಿಗೆ ಮಾರಾಟದ ಚಿತ್ರಗಳ ನಡುವೆ ಮಾರಲಾರದ ಒಳ್ಳೆಯ ಚಿತ್ರಗಳನ್ನೂ ಸೇರಿಸಿ ಕಳಿಸಿದಳು. ನೋಡಿದವರಿಗೆ ಆಸೆ ಹುಟ್ಟಬೇಕು, ಕೈಗೆ ಸಿಕ್ಕಬಾರದು. ಅಣ್ಣತಮ್ಮಂದಿರ ಪತ್ರಗಳನ್ನು ವರ್ಷಾನುಗಟ್ಟಲೆ ಜೋಡಿಸಿ, ತಾರೀಖಿಲ್ಲದವಕ್ಕೆ ತಾರೀಖು ಹುಡುಕಿ, 1914ರಲ್ಲಿ ಅಚ್ಚು ಹಾಕಿಸಿದಳು. ಚಿತ್ರದ ಹಿಂದಿನ ಜೀವ ಜನಕ್ಕೆ ತಿಳಿದದ್ದು ಆಗ. ವ್ಯಾಪಾರದ ವಿದ್ಯೆಯನ್ನು ಆಕೆಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

1924ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯವರು ಹದಿನೈದು ಹೂವಿನ ಹಳದಿಯ ಚಿತ್ರವನ್ನು ಕೇಳಿದರು. ಕೃತಕ ರೇಷ್ಮೆಯ ಉದ್ಯಮಿ ಸ್ಯಾಮ್ಯುಯಲ್ ಕೋರ್ಟೋಲ್ಡ್ ಕೊಟ್ಟ ನಿಧಿಯಿಂದ ಹಣ. ಯೋ ಮೊದಲು ಒಪ್ಪಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ದಿನವೂ ಕಣ್ಣೆದುರಿಗೆ ಇದ್ದ ಚಿತ್ರ. ಕಡೆಗೆ, ಅಂಥ ದೊಡ್ಡ ಜಾಗದಲ್ಲಿ ಅದು ನೇತಾಡಿದರೆ ಭಾವನ ಕೀರ್ತಿಗೆ ಒಳ್ಳೆಯದೆಂದು ಮನಸ್ಸು ಗಟ್ಟಿಮಾಡಿ ಬಿಟ್ಟುಕೊಟ್ಟಳು. ಬೆಲೆ ಸುಮಾರು 1,300 ಪೌಂಡು. ಮರುವರ್ಷ ಆಕೆ ತೀರಿಕೊಂಡಳು. ಮಗ ವಿನ್ಸೆಂಟನು ಇಂಜಿನಿಯರನಾದನು. ಉಳಿದ ಸಂಗ್ರಹವನ್ನು ಅವನು ಚೂರುಮಾಡದೆ 1962ರಲ್ಲಿ ಡಚ್ ಸರಕಾರದ ನೆರವಿನಿಂದ ಒಂದು ಪ್ರತಿಷ್ಠಾನಕ್ಕೆ ವಹಿಸಿದನು. 1973ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯ ತೆರೆಯಿತು.

ಏಳು ಸೂರ್ಯಕಾಂತಿಗಳ ಪೈಕಿ ಒಂದು ಜಪಾನಿನ ಆಶಿಯಾ ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿಯ ಮನೆಯಲ್ಲಿತ್ತು. 1945ರ ಆಗಸ್ಟ್ 6ರ ಬಾಂಬಿನ ಬೆಂಕಿಯಲ್ಲಿ ಮನೆಯೊಡನೆ ಅದೂ ಸುಟ್ಟುಹೋಯಿತು. ಹಿರೋಷಿಮಾ ಸುಟ್ಟ ದಿನವೂ ಅದೇ. ಒಂದು ಚಿತ್ರಕ್ಕೆ ಅಳುವವರು ಆಗ ಯಾರಿದ್ದರು? ನಾಲ್ಕು ಚಿತ್ರಗಳು ಲಂಡನ್, ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್ ಮತ್ತು ಅಮೆರಿಕದ ಫಿಲಡೆಲ್ಫಿಯಾ ನಗರಗಳ ಸಂಗ್ರಹಾಲಯಗಳನ್ನು ಸೇರಿದವು. ಸಂಗ್ರಹಾಲಯ ಸೇರಿದ ಚಿತ್ರ ಪೇಟೆಗೆ ಮರಳುವುದು ತೀರ ಅಪರೂಪ. ಉಳಿದದ್ದು ಎರಡು. ಬೆಲೆ ಏರಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ? ಬರೆಯುವವನಿಲ್ಲ, ಇನ್ನೊಂದು ಹುಟ್ಟುವಂತಿಲ್ಲ, ಇದ್ದವು ಪೇಟೆಯಿಂದ ಒಂದೊಂದಾಗಿ ಎದ್ದು ಹೋಗುತ್ತಿವೆ.

ಆ ಎರಡರಲ್ಲಿ ಒಂದು ಗಣಿಗಳ ಧನಿಕ ಚೆಸ್ಟರ್ ಬೀಟಿಯ ಮನೆತನದಲ್ಲಿತ್ತು. ಅದು 1987ರ ಮಾರ್ಚ್ 30ರಂದು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ಹರಾಜಿಗೆ ಬಂದಿತು. ಮುಂಬಯಿಯ ಮಾತಿನಲ್ಲಿ ಹೇಳುವುದಾದರೆ ಲಿಲಾವು. ದಿನವನ್ನು ಆರಿಸಿದ ಜಾಣತನವನ್ನು ಮೆಚ್ಚಬೇಕು: ಅದು ವ್ಯಾನ್ ಗೋ ಹುಟ್ಟಿದ ದಿನ. ಅಲ್ಲಿಯವರೆಗೆ ಹರಾಜಿನಲ್ಲಿ ಚಿತ್ರವೊಂದಕ್ಕೆ ಬಂದಿದ್ದ ಅತಿ ದೊಡ್ಡ ಬೆಲೆ ಇಟಲಿಯ ಮಾಂತೆನ್ಯನ ಚಿತ್ರಕ್ಕೆ 1985ರಲ್ಲಿ ಬಂದ 81 ಲಕ್ಷ ಪೌಂಡು. ಈ ಹೂಗಳು ಆ ಗೆರೆಯನ್ನು ದಾಟಿ, ಎರಡರಷ್ಟನ್ನು ದಾಟಿ, 2 ಕೋಟಿ 25 ಲಕ್ಷ ಪೌಂಡಿಗೆ ನಿಂತವು. ಅದರ ಮೇಲೆ ಹರಾಜಿನವರಿಗೆ ಕೊಳ್ಳುವವನು ಕೊಡಬೇಕಾದ ನೂರಕ್ಕೆ ಹತ್ತರ ದಸ್ತೂರಿ. ಒಟ್ಟು 2 ಕೋಟಿ 47 ಲಕ್ಷ 50 ಸಾವಿರ ಪೌಂಡು. ಅಂದಿನ ವಿನಿಮಯದಲ್ಲಿ ನಮ್ಮ ಸುಮಾರು 50 ಕೋಟಿ ರೂಪಾಯಿ. ದಸ್ತೂರಿಯೇ 22 ಲಕ್ಷದ 50 ಸಾವಿರ ಪೌಂಡಾಯಿತು. ವಿನ್ಸೆಂಟನ ಜೀವಮಾನದ ಬಣ್ಣ, ಬಾಡಿಗೆ, ಬ್ರೆಡ್ಡಿನ ಲೆಕ್ಕವೆಲ್ಲ ಅದರ ಒಂದು ಮೂಲೆಯಲ್ಲಿ ಅಡಗಿಹೋದೀತು.

ಕೊಂಡವರು ಜಪಾನಿನ ಯಸುದಾ ಬೆಂಕಿ ಮತ್ತು ಸಾಗರ ವಿಮಾ ಕಂಪನಿಯವರು. 1985ರ ಒಪ್ಪಂದದ ತರುವಾಯ ಡಾಲರಿನ ಎದುರು ಯೆನ್ನಿನ ಬೆಲೆ ಭರದಿಂದ ಏರಿತ್ತು. ಟೋಕಿಯೋದ ನೆಲದ ಬೆಲೆ ಆಕಾಶ ಮುಟ್ಟಿತ್ತು. ಹೊರಗಿನ ವಸ್ತುಗಳೆಲ್ಲ ಜಪಾನಿನವರಿಗೆ ಅಗ್ಗವಾಗಿ ಕಂಡ ಕಾಲ. ಕಂಪನಿಯ ನೂರನೆಯ ವರ್ಷದ ಸಮಾರಂಭಕ್ಕೆ ಒಂದು ಹೆಸರಾದ ಚಿತ್ರ ಬೇಕಾಗಿತ್ತು. ಒಂದು ಸೂರ್ಯಕಾಂತಿಯನ್ನು ಬೆಂಕಿಯಲ್ಲಿ ಕಳೆದುಕೊಂಡ ದೇಶಕ್ಕೆ ಇನ್ನೊಂದನ್ನು ತಂದವರು ಬೆಂಕಿವಿಮೆಯವರು! ಇದನ್ನು ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ. ಆದರೂ ಬರೆಯದೆ ಬಿಡಲು ಮನಸ್ಸಾಗಲಿಲ್ಲ.

ಈ ಬೆಲೆಯ ಸುದ್ದಿ ಮುಟ್ಟಿದ ಮನೆಗಳಲ್ಲಿ ಅಮೆರಿಕದ ಪೇಸನ್ ಮನೆತನವೂ ಒಂದು. ಅವರಲ್ಲಿ ವ್ಯಾನ್ ಗೋವಿನ ‘ಐರಿಸ್ ಹೂಗಳು’ ಇತ್ತು. 1889ರ ಮೇ ತಿಂಗಳಲ್ಲಿ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯ ಸೇರಿದ ಮೊದಲ ವಾರದಲ್ಲೇ ಅಲ್ಲಿಯ ತೋಟದಲ್ಲಿ ಕುಳಿತು ಬರೆದದ್ದು. ಜೋನ್ ವಿಟ್ನಿ ಪೇಸನ್ 1947ರಲ್ಲಿ ಅದನ್ನು ಎಂಬತ್ತು ಸಾವಿರಕ್ಕೂ ಮೇಲ್ಪಟ್ಟ ಡಾಲರಿಗೆ ಕೊಂಡಿದ್ದರು. ಮುಂದೆ ಅದು ಮೇಯ್ನ್ ರಾಜ್ಯದ ಪೋರ್ಟ್‌ಲೆಂಡಿನ ಒಂದು ಸಣ್ಣ ಕಾಲೇಜಿನಲ್ಲಿ ಪ್ರದರ್ಶನಕ್ಕಿತ್ತು. ಸೂರ್ಯಕಾಂತಿಯ ಬೆಲೆಯ ತರುವಾಯ ಅದನ್ನು ಅಲ್ಲಿ ಇಡುವುದೇ ಕಷ್ಟವಾಯಿತು. ನೆರೆಮನೆಯ ಚಿನ್ನದ ಬೆಲೆ ಏರಿದರೆ ನಮ್ಮ ಪೆಟ್ಟಿಗೆಗೂ ದೊಡ್ಡ ಬೀಗ ಬೇಕಷ್ಟೆ. ವಿಮೆಗೆ ಹಣ, ಕಾವಲಿಗೆ ಹಣ. ಮಗನು ಅದನ್ನು ಮಾರಲು ನಿಶ್ಚಯಿಸಿದನು. 1987ರ ನವೆಂಬರ್ 11ರಂದು ನ್ಯೂಯಾರ್ಕಿನ ಸೋದಬೀಸ್ ಸಂಸ್ಥೆಯಲ್ಲಿ ಅದಕ್ಕೆ 5 ಕೋಟಿ 39 ಲಕ್ಷ ಡಾಲರು ಬಂದಿತು. ಅಂದರೆ ಸುಮಾರು 70 ಕೋಟಿ ರೂಪಾಯಿ. ಅದಕ್ಕೆ ಮೂರೇ ವಾರ ಮೊದಲು, ಅಕ್ಟೋಬರ್ 19ರಂದು, ಶೇರು ಪೇಟೆ ಕುಸಿದಿತ್ತು. ಶೇರು ಬಿದ್ದರೂ ಹೂವು ಬೀಳಲಿಲ್ಲವೆಂದು ಪತ್ರಿಕೆಗಳು ಬೆರಗಾದವು.

ಬೆರಗಿನ ಗುಟ್ಟು ಹೊರಬಿದ್ದದ್ದು ಎರಡು ವರ್ಷಗಳ ತರುವಾಯ. ಕೊಂಡವನು ಆಸ್ಟ್ರೇಲಿಯದ ಉದ್ಯಮಿ ಅಲನ್ ಬಾಂಡ್. ಆ ಹಣದ ಸುಮಾರು ಅರ್ಧವನ್ನು, 2 ಕೋಟಿ 70 ಲಕ್ಷ ಡಾಲರನ್ನು, ಹರಾಜು ಮಾಡಿದ ಸೋದಬೀಸಿನವರೇ ಅವನಿಗೆ ಸಾಲ ಕೊಟ್ಟಿದ್ದರು. ಒತ್ತೆ ಯಾವುದು? ಅದೇ ಚಿತ್ರ. ಅಂಗಡಿಯವನೇ ಗಿರಾಕಿಯ ಕಿಸೆಗೆ ಹಣ ಹಾಕಿ, ನೋಡಿ ನನ್ನ ಸರಕಿಗೆ ಎಂಥ ಬೆಲೆ ಬಂತೆಂದು ಊರಿಗೆಲ್ಲ ಹೇಳಿದರೆ ಅದನ್ನು ಬೆಲೆಯೆನ್ನಬಹುದೆ? ಕಾನೂನಿಗೆ ಅದು ತಪ್ಪಾಗಿರಲಿಲ್ಲ. ಆದರೆ ನಮ್ಮ ಊರ ಸಂತೆಯ ದಲಾಲಿಗೂ ನಾಚಿಕೆಯಾಗುವ ಮಾತು. ಬಾಂಡನಿಗೆ ಸಾಲ ತೀರಿಸಲಾಗಲಿಲ್ಲ. ಐರಿಸ್ ಹೂಗಳು 1990ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಗೆಟ್ಟಿ ಸಂಗ್ರಹಾಲಯಕ್ಕೆ ಹೋದವು. ಎಷ್ಟಕ್ಕೆ ಹೋದವೆಂಬುದನ್ನು ಎರಡು ಕಡೆಯವರೂ ಬಹಿರಂಗಪಡಿಸಲಿಲ್ಲ. ಬಾಂಡನು 1992ರಲ್ಲಿ ದಿವಾಳಿಯಾದನು, ಮುಂದೆ ಬೇರೆ ವಂಚನೆಗಾಗಿ ಸೆರೆಮನೆಗೂ ಹೋದನು. ಜಪಾನಿನ ಹಣದ ಉಬ್ಬರವೂ ಅಷ್ಟರಲ್ಲಿ ಇಳಿದು, ಕೆಲವು ವರ್ಷ ಚಿತ್ರಗಳ ಪೇಟೆ ಸಪ್ಪಗಾಯಿತು.

ಮತ್ತೆ ಏರದೆ ಇರಲಿಲ್ಲ. ವ್ಯಾನ್ ಗೋ ತನ್ನ ಕೊನೆಯ ತಿಂಗಳುಗಳಲ್ಲಿ ಬರೆದ, ಹೂಜಿಯಲ್ಲಿನ ಡೇಸಿ ಮತ್ತು ಗಸಗಸೆ ಹೂಗಳ ಚಿತ್ರವನ್ನು 2014ರಲ್ಲಿ ಚೀನದ ಸಿನಿಮಾ ಉದ್ಯಮಿಯೊಬ್ಬರು 6 ಕೋಟಿ 18 ಲಕ್ಷ ಡಾಲರಿಗೆ ಕೊಂಡರು. ಆರ್ಲಿನ ಹೂಬಿಟ್ಟ ಹಣ್ಣಿನ ತೋಟದ ಚಿತ್ರಕ್ಕೆ 2022ರ ನವೆಂಬರಿನಲ್ಲಿ 11 ಕೋಟಿ 72 ಲಕ್ಷ ಡಾಲರು ಬಂದಿತು.

ಬೆಲೆ ಏರಿದರೆ ಅದರ ಬೆನ್ನಿಗೆ ಸಂಶಯವೂ ದಾವೆಯೂ ಬರುತ್ತವೆ. ಟೋಕಿಯೋದ ಸೂರ್ಯಕಾಂತಿ ವ್ಯಾನ್ ಗೋ ಬರೆದದ್ದೇ ಅಲ್ಲ, ಹಿಂದೆ ಅದರ ಒಡೆಯನಾಗಿದ್ದ ಶುಫೆನೆಕರ್ ಎಂಬ ಚಿತ್ರಕಾರನ ನಕಲು ಎಂದು 1990ರ ದಶಕದಲ್ಲಿ ಕೆಲವರು ಎದ್ದರು. ತಜ್ಞರು ಬಟ್ಟೆಯನ್ನೇ ಪರೀಕ್ಷಿಸಿದರು. ಅದು ಗೋಗ್ಯಾನನು ಆರ್ಲಿಗೆ ಬಂದಾಗ ಕೊಂಡ ಒರಟು ಸೆಣಬಿನ ಬಟ್ಟೆಯ ತುಂಡು. ಮೂಲದ್ದೇ ಎಂದು ತೀರ್ಮಾನವಾಯಿತು. ಗೋಣಿಚೀಲದ ನೂಲು ಐವತ್ತು ಕೋಟಿಗೆ ಸಾಕ್ಷಿ ಹೇಳಿತು. 2022ರಲ್ಲಿ ಇನ್ನೊಂದು ತೊಡಕು. ಈ ಚಿತ್ರ ಒಂದು ಕಾಲಕ್ಕೆ ಬರ್ಲಿನ್ನಿನ ಯಹೂದಿ ಮೂಲದ ಬ್ಯಾಂಕಿನ ಧಣಿ ಮೆಂಡೆಲ್ಸೋನ್ ಬಾರ್ತೋಲ್ಡಿಯವರದು. ನಾಜಿಗಳ ಕಾಟದಿಂದ 1934ರಲ್ಲಿ ಮಾರಬೇಕಾಯಿತು, ಆದ್ದರಿಂದ ಹಿಂದಿರುಗಿಸಿ ಎಂದು ಅವರ ವಾರಸುದಾರರು ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2024ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹರಾಜಿನ ದಿನ ಇವರ ಹೆಸರನ್ನು ಎಷ್ಟು ಜನ ನೆನೆದಿದ್ದರೋ!

ಇಷ್ಟೆಲ್ಲ ನಡೆಯುತ್ತಿರುವಾಗ ಚಿತ್ರಗಳಾದರೂ ಹೇಗಿವೆ? ಇಲ್ಲಿಯೇ ನನಗೆ ಮನಸ್ಸು ನಿಲ್ಲುವುದು. ವ್ಯಾನ್ ಗೋ ಬಳಸಿದ ಹಳದಿ, ಸೀಸ ಮತ್ತು ಕ್ರೋಮಿಯಮಿನಿಂದಾದ ಆ ಕಾಲದ ಹೊಸ ಬಣ್ಣ. ಬೆಳಕು ಬಿದ್ದಂತೆಲ್ಲ ಅದರೊಳಗೆ ರಾಸಾಯನಿಕ ವ್ಯತ್ಯಾಸವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಅವನ ಕೆಂಪು ಇನ್ನೂ ದುರ್ಬಲ, ಮಾಯವಾಗಿಯೇ ಹೋಗುತ್ತದೆ. ಗೆಟ್ಟಿಯ ಐರಿಸ್ ಹೂಗಳು ಇಂದು ನೀಲಿ. ಬರೆದಾಗ ಅವು ನೇರಳೆಯಾಗಿದ್ದವು. ನೀಲಿಯೊಡನೆ ಬೆರೆತಿದ್ದ ಕೆಂಪು ಬೆಳಕಿಗೆ ಕರಗಿಹೋಯಿತು. ಸಂಗ್ರಹಾಲಯದವರೇ ಪರೀಕ್ಷೆ ನಡೆಸಿ, 2024ರಲ್ಲಿ ಇದಕ್ಕೆಂದೇ ಒಂದು ಪ್ರದರ್ಶನ ಏರ್ಪಡಿಸಿ ತೋರಿಸಿದರು. ಐದು ಕೋಟಿ ಡಾಲರಿನ ಸುದ್ದಿ ಓದಿ ಬಂದವರು ನೋಡುತ್ತಿದ್ದದ್ದು ಆಗಲೇ ಬಾಡಿದ ಹೂವನ್ನು. ವಿನ್ಸೆಂಟನಿಗೆ ಇದು ತಿಳಿಯದ್ದಲ್ಲ. ಚಿತ್ರಗಳೂ ಹೂವಿನಂತೆ ಬಾಡುವ ವಸ್ತುಗಳೆಂದು ಅವನು ತಮ್ಮನಿಗೆ ಬರೆದಿದ್ದಾನೆ. ಕಾಲ ಹೇಗೂ ಮಂಕುಮಾಡುವುದರಿಂದ ಈಗಲೇ ಕಣ್ಣು ಕುಕ್ಕುವಂತೆ ಬಣ್ಣ ಹಚ್ಚುವುದು ಒಳ್ಳೆಯದೆಂಬುದು ಅವನ ಲೆಕ್ಕ.

ಆಮ್‌ಸ್ಟರ್‌ಡ್ಯಾಮಿನ ಸೂರ್ಯಕಾಂತಿಯ ಬಣ್ಣದ ಪದರು ಸೂಕ್ಷ್ಮವಾಗಿದೆಯೆಂದು ಅಲ್ಲಿಯವರು ಅದನ್ನು ಇನ್ನು ಯಾವ ಊರಿಗೂ ಕಳಿಸಬಾರದೆಂದು 2019ರಲ್ಲಿ ತೀರ್ಮಾನಿಸಿದರು. ಲಂಡನ್ನಿನ ಚಿತ್ರದ ಮೇಲೆ 2022ರ ಅಕ್ಟೋಬರಿನಲ್ಲಿ ಎಣ್ಣೆ ಉದ್ಯಮವನ್ನು ವಿರೋಧಿಸುವ ಇಬ್ಬರು ಹುಡುಗಿಯರು ಟೊಮೆಟೊ ಸೂಪನ್ನು ಎರಚಿದರು. ಗಾಜಿದ್ದುದರಿಂದ ಚಿತ್ರ ಉಳಿಯಿತು. ಟೋಕಿಯೋದ್ದು ಶಿಂಜುಕುವಿನ ಸೊಂಪೊ ಸಂಗ್ರಹಾಲಯದಲ್ಲಿದೆ. ಯಸುದಾ ಕಂಪನಿಯ ಇಂದಿನ ಹೆಸರು ಅದೇ.

ಮಕ್ಕಳನ್ನು ನೋಡಲು ಲಂಡನ್ನಿಗೆ ಹೋಗುವ ತಂದೆತಾಯಿಗಳು ನಮ್ಮ ಸಂಘದಲ್ಲಿಯೂ ಈಗ ಕಡಿಮೆಯಿಲ್ಲ. ಟ್ರಫಾಲ್ಗರ್ ಚೌಕದ ಎದುರಿಗೇ ನ್ಯಾಷನಲ್ ಗ್ಯಾಲರಿ ಇದೆ. ಯೋ ಬಿಟ್ಟುಕೊಟ್ಟ ಹದಿನೈದು ಹೂವಿನ ಚಿತ್ರ ಅಲ್ಲಿದೆ. ಒಳಗೆ ಹೋಗಲು ಟಿಕೇಟಿಲ್ಲ. ಶುಕ್ರವಾರ ರಾತ್ರಿ ಒಂಬತ್ತರವರೆಗೂ ತೆರೆದಿರುತ್ತದೆ. ಮಗ ಸೊಸೆ ಆಫೀಸಿನಿಂದ ಬಂದ ಮೇಲೆ ಹೋದರೂ ಆದೀತು.